ನಾಳೆ ಬೆಳಿಗ್ಗೆವರೆಗೆ ಕಾಯಬಹುದಾ? ನಾಯಿ, ಬೆಕ್ಕು ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಶುವೈದ್ಯರಿಗೆ ರಾತ್ರಿ ಹತ್ತರ ಮೇಲೆ ಬರುವ ಫೋನ್‌ಗಳಲ್ಲಿ ಕಾಯಿಲೆ ಯಾವುದೇ ಇರಲಿ, ಪ್ರಶ್ನೆ ಮಾತ್ರ ಒಂದೇ: ಈಗಲೇ ಕರೆತರಬೇಕಾ, ಬೆಳಿಗ್ಗೆ ಬಂದರೆ ನಡೆಯುತ್ತಾ? ಕೆಳಗಿನ ಉತ್ತರಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇವೆ. ಯಾವುದಕ್ಕೆ ಎಷ್ಟು ಹೊತ್ತು ಇದೆ, ಅಷ್ಟರೊಳಗೆ ಮನೆಯಲ್ಲಿ ಏನು ಮಾಡಬಹುದು, ಏನು ಮಾಡಿದರೆ ಇನ್ನಷ್ಟು ಕೆಡುತ್ತದೆ ಎನ್ನುವುದು ಇಲ್ಲಿದೆ. ಮಾತ್ರೆಗಳ ಡೋಸ್ ಬೇಕೆಂದೇ ಬರೆದಿಲ್ಲ. 4 ಕಿಲೋ ಪಾಮೇರಿಯನ್‌ಗೂ 40 ಕಿಲೋ ಲ್ಯಾಬ್ರಡಾರ್‌ಗೂ ಒಂದೇ ಗುಳಿಗೆ ಆಗುವುದಿಲ್ಲ, ಬೆಕ್ಕಿನ ಲೆಕ್ಕವಂತೂ ಬೇರೆಯೇ.

ಮೂಗು ಒಣಗಿದೆ, ಮೈ ಬಿಸಿ ಇದೆ. ಜ್ವರವಾ?

ಮೂಗು ನೋಡಿ ಜ್ವರ ಹೇಳಲು ಬರುವುದಿಲ್ಲ. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿರುತ್ತದೆ, ಜ್ವರದ ನಾಯಿಯ ಮೂಗು ಒದ್ದೆಯಾಗಿಯೂ ಇರಬಹುದು. ಮೈ ಮುಟ್ಟಿ ನೋಡುವುದೂ ಅಷ್ಟೆ. ಅವುಗಳ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

ಮೆಡಿಕಲ್ ಶಾಪಿನ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಒಬ್ಬರು ಕುತ್ತಿಗೆಯ ಹತ್ತಿರ ಮೆಲ್ಲಗೆ ಹಿಡಿದಿರುವಾಗ ಇನ್ನೊಬ್ಬರು ಬಾಲ ಎತ್ತಿ, ಗುದದ್ವಾರದೊಳಗೆ ನಾಯಿಗಾದರೆ ಸುಮಾರು 2 ಸೆಂ.ಮೀ., ಬೆಕ್ಕು ಮತ್ತು ಮರಿಗಳಿಗಾದರೆ 1 ಸೆಂ.ಮೀ. ತೂರಿಸಿ, ಬೀಪ್ ಆಗುವವರೆಗೆ ಹಿಡಿಯಬೇಕು. 103 ದಾಟಿದರೆ ವೈದ್ಯರಿಗೆ ಫೋನ್ ಮಾಡಿ. 104 ಇದ್ದರೆ ಅದೇ ದಿನ ತೋರಿಸಿ. 105 ಅಂದರೆ ಹೊರಟುಬಿಡಿ. 99ಕ್ಕಿಂತ ಕೆಳಗಿಳಿದರೂ ಅಷ್ಟೇ ಅಪಾಯ. ಮರಿಗಳು ಜ್ವರಕ್ಕಿಂತ ಮೈ ತಣ್ಣಗಾಗಿಯೇ ಹೆಚ್ಚು ಸಾಯುತ್ತವೆ. ಆ ಥರ್ಮಾಮೀಟರ್‌ಗೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ, ಮನೆಯವರು ಯಾರೂ ಮರೆತು ಬಾಯಿಗೆ ಇಟ್ಟುಕೊಳ್ಳದಿರಲಿ.

ಜ್ವರಕ್ಕಿಂತ ಹೆಚ್ಚು ಹೇಳುವುದು ವಸಡು. ಮೇಲ್ತುಟಿ ಎತ್ತಿ, ಕೋರೆಹಲ್ಲಿನ ಮೇಲಿನ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡು ಸುಣ್ಣದ ಹಾಗೆ ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ಒಳಗೆ ಸೋರುತ್ತಿದೆ. ಹಳದಿಯಾದರೆ ಕಾಮಾಲೆ, ನೀಲಿಯಾದರೆ ಉಸಿರಿನ ತೊಂದರೆ, ಕಂದು ಬಣ್ಣವಾದರೆ ವಿಷದ ಅನುಮಾನ. ಹುಟ್ಟಾ ಕಪ್ಪು ವಸಡಿನ ನಾಯಿಯಾದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಬದಿ ನೋಡಿ. ನಾಯಿ ಚೆನ್ನಾಗಿರುವ ದಿನವೇ ಒಮ್ಮೆ ನೋಡಿಟ್ಟುಕೊಂಡರೆ ಹುಷಾರಿಲ್ಲದ ದಿನ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಉಸಿರು. ಗಾಢ ನಿದ್ದೆಯಲ್ಲಿರುವಾಗ ಎದೆ ಏರುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟುತ್ತಿದ್ದರೆ, ಅದರಲ್ಲೂ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಹೃದಯ ಅಥವಾ ಶ್ವಾಸಕೋಶದ ಕಡೆ ಗಮನ ಬೇಕು.

ಯಾವುದಕ್ಕೆ ಬೆಳಿಗ್ಗೆವರೆಗೂ ಕಾಯಲೇಬಾರದು?

ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಾಯಬೇಡಿ. ನಾಯಿಗೆ ಅದು ಸಹಜ, ಬೆಕ್ಕಿಗೆ ಅಲ್ಲ. ಗಂಡುಬೆಕ್ಕು ಮುಕ್ಕರಿದರೂ ಮೂತ್ರ ಬಾರದಿರುವುದು, ವಸಡು ಬಿಳಿಚಿ ಎದ್ದು ನಿಲ್ಲಲಾಗದಿರುವುದು, ಹಾವು ಕಚ್ಚಿದ್ದು, ವಿಷ ತಿಂದಿದ್ದು, ವಾಹನ ಗುದ್ದಿದ್ದು, ಇವೂ ರಾತ್ರಿಯೇ ಹೊರಡಬೇಕಾದವು. ವಾಹನ ಗುದ್ದಿದ ನಾಯಿ ಎದ್ದು ಓಡಾಡುತ್ತಿದ್ದರೂ ತೋರಿಸಿ. ಒಳಗಿನ ರಕ್ತಸ್ರಾವ ಗೊತ್ತಾಗುವಷ್ಟರಲ್ಲಿ ಕೆಲವು ಗಂಟೆ ಕಳೆದಿರುತ್ತದೆ. ಫಿಟ್ಸ್ 5 ನಿಮಿಷವಾದರೂ ನಿಲ್ಲದಿದ್ದರೆ, ಹೆರಿಗೆಯಲ್ಲಿ ಅರ್ಧ ಗಂಟೆ ಜೋರಾಗಿ ಮುಕ್ಕರಿದರೂ ಮರಿ ಬಾರದಿದ್ದರೆ ಹೊರಡಿ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಊಟವಾದ ಮೇಲೆ ಹೊಟ್ಟೆ ಡೋಲಿನಂತೆ ಉಬ್ಬಿ, ವಾಂತಿಗೆಂದು ಮತ್ತೆ ಮತ್ತೆ ಓಕರಿಸಿ ಏನೂ ಬರದೆ ಜೊಲ್ಲು ಸುರಿಸುತ್ತಾ ಶತಪಥ ತಿರುಗುತ್ತಿದ್ದರೆ ಅದು ಗ್ಯಾಸ್ ಅಲ್ಲ. ಜಠರ ತಿರುಚಿಕೊಂಡಿರಬಹುದು. ಆಗ ಜೀರಿಗೆ ನೀರು, ಈನೋ ಎಂದು ಸಮಯ ಕಳೆಯಬೇಡಿ. ಒಂದೆರಡು ಗಂಟೆಯೊಳಗೆ ಆಪರೇಷನ್ ಟೇಬಲ್ ಮುಟ್ಟಿದರೆ ಮಾತ್ರ ಉಳಿಯುವ ಕಾಯಿಲೆ ಅದು.

ಗಂಡುಬೆಕ್ಕು ಪದೇ ಪದೇ ಮಲಮೂತ್ರದ ಮರಳಿನ ಟ್ರೇಗೆ ಹೋಗಿ ಕೂರುತ್ತಿದೆ. ಮಲಬದ್ಧತೆಯಾ?

ಹಾಗಂದುಕೊಂಡು ಎರಡು ದಿನ ಕಳೆದ ಮೇಲೆ ತಂದ ಬೆಕ್ಕುಗಳನ್ನು ಉಳಿಸುವುದು ಕಷ್ಟ. ಗಂಡುಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಣ್ಣದು. ಹರಳು ಅಥವಾ ಲೋಳೆಯ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟುತ್ತದೆ. ಟ್ರೇ ಮರಳು ಒದ್ದೆಯಾಗಿದೆಯೇ ನೋಡಿ. ಒಣಗಿದ್ದು, ಬೆಕ್ಕು ಕೂಗುತ್ತಾ ಆ ಭಾಗವನ್ನೇ ನೆಕ್ಕುತ್ತಿದ್ದರೆ ಆಗಲೇ ಹೊರಡಿ. ಮೂತ್ರ ಕಟ್ಟಿದಾಗ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಲುತ್ತದೆ. ಸಿಗುವ ಕಾಲಾವಕಾಶ ಸುಮಾರು 24ರಿಂದ 48 ಗಂಟೆ, ಅಷ್ಟೆ. ಹೊಟ್ಟೆ ಒತ್ತಿ ಮೂತ್ರ ಬರಿಸಲು ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು. ಬರೀ ಒಣ ಕಾಳಿನಂಥ ಆಹಾರದಲ್ಲೇ ಬೆಳೆದ, ನೀರು ಕಡಿಮೆ ಕುಡಿಯುವ, ದಪ್ಪಗಿನ ಒಳಾಂಗಣದ ಬೆಕ್ಕುಗಳಲ್ಲಿ ಇದು ಹೆಚ್ಚು.

ಬೆಕ್ಕು ಎರಡು ದಿನದಿಂದ ಏನೂ ತಿಂದಿಲ್ಲ, ಆದರೆ ಆರಾಮಾಗಿ ಮಲಗಿದೆ.

ಆರಾಮಾಗಿ ಅಲ್ಲ, ಅಡಗಿ ಮಲಗಿದೆ. ಬೆಕ್ಕು ನೋವು ತೋರಿಸುವ ಪ್ರಾಣಿಯಲ್ಲ. ಎರಡು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರತೊಡಗುತ್ತದೆ, ದಪ್ಪಗಿನ ಬೆಕ್ಕಿಗೆ ಇನ್ನೂ ಬೇಗ. 24 ಗಂಟೆ ದಾಟಿದರೆ ತೋರಿಸಿ.

ನಾಯಿ ಬೆಳಿಗ್ಗೆ ಹಳದಿ ನೊರೆ ವಾಂತಿ ಮಾಡಿತು. ಏನು ಕೊಡಲಿ?

ಒಂದೇ ಸಲ ಮಾಡಿ, ಆಮೇಲೆ ಬಾಲ ಅಲ್ಲಾಡಿಸಿಕೊಂಡು ತಿಂಡಿ ಕೇಳುತ್ತಿದ್ದರೆ ಏನೂ ಕೊಡಬೇಡಿ. ರಾತ್ರಿ ಬೇಗ ಉಂಡ ನಾಯಿಯ ಖಾಲಿ ಹೊಟ್ಟೆಗೆ ಪಿತ್ತ ಬಂದಿರುತ್ತದೆ. ಮಲಗುವ ಮುಂಚೆ ಒಂದು ಹಿಡಿ ಆಹಾರ ಹಾಕಿದರೆ ಹೆಚ್ಚಾಗಿ ನಿಲ್ಲುತ್ತದೆ. ಹುಲ್ಲು ತಿಂದು ಕಕ್ಕಿದ್ದಕ್ಕೂ ಗಾಬರಿ ಬೇಡ.

ಮೂರ್ನಾಲ್ಕು ಸಲ ಆದರೆ ಬೆಳೆದ ನಾಯಿಗೆ 12 ಗಂಟೆ ಊಟ ನಿಲ್ಲಿಸಿ. ನೀರು ಮಾತ್ರ ನಿಲ್ಲಿಸಬೇಡಿ, ಆದರೆ ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಮೂರು ಚಮಚ ಸಾಕು. ನಿಂತ ಮೇಲೆ ಉಪ್ಪು, ಖಾರ, ಅರಿಶಿನ, ಎಣ್ಣೆ ಇಲ್ಲದ ಮೆತ್ತನೆಯ ಅನ್ನಕ್ಕೆ ಬೇಯಿಸಿದ ಎಲುಬಿಲ್ಲದ ಕೋಳಿ ಕಲಸಿ, ಎಂದಿನ ಊಟದ ಕಾಲು ಭಾಗದಷ್ಟನ್ನು ಕೊಡಿ. ಮರಿಗಳಿಗೆ ಈ ಉಪವಾಸದ ಲೆಕ್ಕ ಇಲ್ಲ, ಸಕ್ಕರೆ ಅಂಶ ಕುಸಿದು ಬೀಳುತ್ತವೆ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ, ಕಾಲ್ಚೀಲ, ಮಾವಿನ ಓಟೆ, ಜೋಳದ ದಿಂಡು ನುಂಗಿದ ಅನುಮಾನ ಇದ್ದರೆ ಅದೇ ದಿನ ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕು. ಮಾವಿನ ಕಾಲದಲ್ಲಿ ಓಟೆ ನುಂಗಿದ ನಾಯಿಗಳಿಗೆ ಬರವಿಲ್ಲ. ಕರುಳಿನಲ್ಲಿ ಸಿಕ್ಕಿದರೆ ಅದು ಆಪರೇಷನ್ ಇಲ್ಲದೆ ಹೊರಬರುವುದಿಲ್ಲ.

ಮೂರು ತಿಂಗಳ ಮರಿ. ನಿನ್ನೆಯಿಂದ ವಾಂತಿ, ಇವತ್ತು ರಕ್ತ ಬೆರೆತ ಭೇದಿ, ಕೆಟ್ಟ ವಾಸನೆ.

ಪಾರ್ವೊ, ಅಂದರೆ ಮರಿಗಳ ಕರುಳನ್ನು ಕೆಡಿಸುವ ವೈರಸ್ ಕಾಯಿಲೆ, ಎಂದೇ ತಿಳಿದು ನಡೆಯಿರಿ. ಮಲದ ಸ್ಯಾಂಪಲ್‌ನಿಂದ ಕ್ಲಿನಿಕ್ಕಿನಲ್ಲೇ ಹತ್ತು ನಿಮಿಷದಲ್ಲಿ ಕಿಟ್ ಪರೀಕ್ಷೆ ಆಗುತ್ತದೆ. ವೈರಸ್ ಕೊಲ್ಲುವ ಔಷಧ ಸಾಮಾನ್ಯ ಚಿಕಿತ್ಸೆಯಲ್ಲಿಲ್ಲ. ಮರಿಯನ್ನು ಉಳಿಸುವುದು ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್ ಮತ್ತು ಕರುಳಿನಿಂದ ರಕ್ತಕ್ಕೆ ಸೋಂಕು ಹತ್ತದಂತೆ ಕೊಡುವ ಆಂಟಿಬಯೋಟಿಕ್. ಹಾಗಾಗಿ ಮೊದಲ ದಿನ ಬಂದ ಮರಿಗೂ ಮೂರನೇ ದಿನ ಬಂದ ಮರಿಗೂ ಬಹಳ ಅಂತರ. ದಾಳಿಂಬೆ ಸಿಪ್ಪೆ ಕಷಾಯ, ಮನುಷ್ಯರ ಭೇದಿ ಮಾತ್ರೆ ಕೊಟ್ಟು ನೋಡೋಣ ಅನ್ನುವುದರಲ್ಲೇ ಆ ಎರಡು ದಿನ ಹೋಗುವುದು.

ಮನೆ ತೊಳೆಯುವ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಫಿನೈಲ್, ಡೆಟಾಲ್‌ಗೆ ಈ ವೈರಸ್ ಸಾಯುವುದಿಲ್ಲ. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಒರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ಉಳಿಯುತ್ತದೆ. ಹಿಂದಿನ ಮರಿ ಹೋದ ದುಃಖಕ್ಕೆ ಮುಂದಿನ ವಾರವೇ ಲಸಿಕೆಯಾಗದ ಇನ್ನೊಂದು ಮರಿ ತಂದರೆ ಅದಕ್ಕೂ ಅದೇ ಗತಿ.

ಮರಿಗೆ ಒಂದು ಲಸಿಕೆ ಆಗಿದೆಯಲ್ಲ, ಸಾಲದಾ?

ಸಾಲದು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿರುವವರೆಗೆ ಲಸಿಕೆಯನ್ನೂ ಅದೇ ಹೊಡೆದುಹಾಕುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ 8 ವಾರಕ್ಕೆ, ಇನ್ನೊಂದರಲ್ಲಿ 14 ವಾರಕ್ಕೆ ಇಳಿಯುತ್ತದೆ. ಯಾವಾಗ ಎಂದು ಹೇಳಲಾಗದ ಕಾರಣಕ್ಕೇ 6ರಿಂದ 8ನೇ ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸುವುದು. ರೇಬೀಸ್ ಲಸಿಕೆ 12ನೇ ವಾರದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿನ ಮರಿಗೂ 8 ವಾರದಿಂದ ಅದರದೇ ಲಸಿಕೆ, 12 ವಾರಕ್ಕೆ ರೇಬೀಸ್. ಇಲಿಜ್ವರದ ಲಸಿಕೆಯ ಶಕ್ತಿ ವರ್ಷ ಮೀರಿ ಇರುವುದಿಲ್ಲ, ಅದನ್ನು ಮುಂಗಾರಿಗೆ ಮೊದಲೇ ಹಾಕಿಸಿ. ಇಲಿ ಮೂತ್ರ ಬೆರೆತ ಮಳೆನೀರಿನಿಂದ ಬರುವ ಇಲಿಜ್ವರ ನಾಯಿಯ ಮೂತ್ರದ ಮೂಲಕ ಮನೆಯವರಿಗೂ ಹತ್ತುತ್ತದೆ.

ಜಂತುಹುಳು ಔಷಧ ಮರಿಗೆ 2, 4, 6, 8 ವಾರಕ್ಕೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡದೆ ಕೊಡಬೇಡಿ. ನೀವು ಮರಿ ಎತ್ತಿಕೊಂಡು ತೂಕದ ಯಂತ್ರ ಹತ್ತಿ, ನಿಮ್ಮ ತೂಕ ಕಳೆದರೆ ಆಯಿತು.

ಉಣ್ಣೆ ಹತ್ತಿದೆ. ಇದರಿಂದ ಅಷ್ಟೊಂದು ತೊಂದರೆ ಆಗುತ್ತಾ?

ನಮ್ಮ ಕಡೆಯ ಊರುಗಳಲ್ಲಿ ಬೆಳೆದ ನಾಯಿಯನ್ನು ಆಸ್ಪತ್ರೆಗೆ ತರುವ ದೊಡ್ಡ ಕಾರಣಗಳಲ್ಲಿ ಇದೊಂದು. ಉಣ್ಣೆ, ಕೆಲವೆಡೆ ಉಣುಗು ಅನ್ನುತ್ತಾರೆ, ರಕ್ತ ಹೀರುವುದಕ್ಕಿಂತ ರಕ್ತಕ್ಕೆ ಬಿಟ್ಟು ಹೋಗುವುದೇ ಅಪಾಯ. ಎರ್ಲಿಕಿಯಾ ಮತ್ತು ಬೆಬೀಸಿಯಾ ಎಂಬ ಎರಡು ಸೋಂಕು ಮುಖ್ಯ. ಕಚ್ಚಿದ ಒಂದರಿಂದ ಮೂರು ವಾರಕ್ಕೆ ಜ್ವರ, ಊಟ ಬಿಡುವುದು, ಮಂಕು. ಆ ಹೊತ್ತಿಗೆ ಮೈಮೇಲೆ ಒಂದೂ ಉಣ್ಣೆ ಇಲ್ಲದಿರಬಹುದು, ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಎರ್ಲಿಕಿಯಾ ಪ್ಲೇಟ್‌ಲೆಟ್ ಇಳಿಸುತ್ತದೆ. ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡರೆ ಅದೇ. ಬೆಬೀಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ವಸಡು ಬಿಳಿಚಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಎರಡಕ್ಕೂ ಔಷಧ ಬೇರೆ ಬೇರೆ. ಅದಕ್ಕೇ ಪಕ್ಕದ ಮನೆ ನಾಯಿಗೆ ಬರೆದುಕೊಟ್ಟ ಮಾತ್ರೆ ನಿಮ್ಮ ನಾಯಿಗೆ ಹತ್ತದೇ ಹೋಗಬಹುದು. ರಕ್ತ ಪರೀಕ್ಷೆ ಮಾಡಿಸಿ: ಪೂರ್ಣ ರಕ್ತಕಣ ಎಣಿಕೆ, ಕಿವಿಯ ತುದಿಯಿಂದ ತೆಗೆದ ಹನಿಯ ಸ್ಲೈಡ್, ಬೇಕಾದರೆ ಪಿಸಿಆರ್ (ರೋಗಾಣುವಿನ ವಂಶವಾಹಿ ಹುಡುಕುವ ಪರೀಕ್ಷೆ). ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಮೂರನೇ ದಿನಕ್ಕೇ ನಾಯಿ ಕುಣಿಯತೊಡಗುತ್ತದೆ, ಹತ್ತನೇ ದಿನಕ್ಕೆ ಮಾತ್ರೆ ನಿಲ್ಲಿಸುತ್ತಾರೆ, ಕೆಲವು ತಿಂಗಳಿಗೆ ಮೂಳೆಮಜ್ಜೆಯೇ ಸೋತ ಸ್ಥಿತಿಯಲ್ಲಿ ಮತ್ತೆ ತರುತ್ತಾರೆ. ಒಣ ಗುಳಿಗೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ, ಹಿಂದೆಯೇ ಒಂದು ತುತ್ತು ಆಹಾರ ಕೊಡಿ. ಪಪ್ಪಾಯ ಎಲೆಯ ರಸದಿಂದ ಈ ಸೋಂಕು ಸಾಯುವುದಿಲ್ಲ.

ಕಚ್ಚಿಕೊಂಡ ಉಣ್ಣೆಗೆ ಸೀಮೆಎಣ್ಣೆ ಹಾಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಸಾಯುವ ಮುಂಚೆ ಅದು ಇನ್ನಷ್ಟು ಜೊಲ್ಲನ್ನು ಒಳಗೆ ಬಿಡಬಹುದು. ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ, ನೇರಕ್ಕೆ ನಿಧಾನವಾಗಿ ಎಳೆಯಿರಿ. ಉಗುರಿನಲ್ಲಿ ಹಿಸುಕದೆ ಸೋಪಿನ ನೀರಿನ ಡಬ್ಬಿಗೆ ಹಾಕಿ. ಕಿವಿಯ ಮಡಿಕೆ, ಕಾಲ್ಬೆರಳ ಸಂದು, ಬೆಲ್ಟಿನ ಕೆಳಗೆ, ಬಾಲದ ಬುಡ ಹುಡುಕಿ.

ಮೈ ತೊಳೆದ ಮಾತ್ರಕ್ಕೆ ಮುಗಿಯಲಿಲ್ಲ. ಕಂದು ನಾಯಿ ಉಣ್ಣೆ ರಕ್ತ ಕುಡಿದು ಕೆಳಗುದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕರ್ಟನ್ ಹಿಂದೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ನಾಯಿಗೂಡಿನ ಮೂಲೆಯಲ್ಲಿ ಬೂದು ಕಾಳಿನಂಥವು ಕಂಡರೆ ಅವೇ. ನಾಯಿಗೂ ಮನೆಗೂ ಒಟ್ಟಿಗೆ ಮದ್ದು ಆಗಬೇಕು. ನಾಯಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳು ಈಗ ಸಿಗುತ್ತವೆ, ಫಿಟ್ಸ್ ಇರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ. ಮೈಗೆ ಹಚ್ಚುವ ಉಣ್ಣೆ ಮದ್ದಾದ ಅಮಿಟ್ರಾಜ್ ದ್ರಾವಣವನ್ನು ಲೇಬಲ್ ಓದದೆ ಅಂದಾಜಿಗೆ ಬೆರೆಸಬೇಡಿ, ಒಣಗುವವರೆಗೆ ನೆಕ್ಕಲು ಬಿಡಬೇಡಿ. ಮಲೆನಾಡಿನವರು ಕೇಳುವ ಒಂದು ಮಾತು: ಮಂಗನ ಕಾಯಿಲೆ ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣುಗಿನಿಂದ, ಮನೆಗೋಡೆಯ ಈ ಕಂದು ಉಣ್ಣೆಯಿಂದಲ್ಲ. ಆದರೂ ಕಾಡಿಗೆ ಹೋಗಿ ಬಂದ ನಾಯಿಯ ಮೈ ನೋಡುವಾಗ ಕೈಗವಸು ಹಾಕಿಕೊಳ್ಳಿ.

ನಾಯಿಯ ಉಣ್ಣೆ ಮದ್ದನ್ನೇ ಸ್ವಲ್ಪ ಬೆಕ್ಕಿಗೂ ಹಾಕಬಹುದಾ?

ಬೇಡವೇ ಬೇಡ. ನಾಯಿಯ ಕುತ್ತಿಗೆಗೆ ಹನಿಸುವ ಮದ್ದು, ಪೌಡರ್, ಶಾಂಪೂ ಕೆಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿಗೆ ಅದು ಪ್ರಾಣಾಂತಿಕ, ಕೆಲವು ಗಂಟೆಗಳಲ್ಲೇ ಮೈ ನಡುಗಿ ಫಿಟ್ಸ್ ಬರುತ್ತದೆ. ತಪ್ಪಿ ಹಾಕಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಡಬ್ಬಿಯ ಜೊತೆ ಆಸ್ಪತ್ರೆಗೆ ಹೋಗಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಕುಂಟುವುದಕ್ಕೆ ಪೇನ್‌ಕಿಲ್ಲರ್ ಕೊಡಬಹುದಾ?

ಬೆಕ್ಕಿಗೆ ಪ್ಯಾರಾಸಿಟಮಾಲ್‌ನ 500 ಮಿ.ಗ್ರಾಂ ಮಾತ್ರೆ ಒಂದೇ ಸಾವಿಗೆ ಸಾಕು. ಆ ಔಷಧವನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದಾಗುತ್ತದೆ, ಮುಖ ಬಾತುಕೊಳ್ಳುತ್ತದೆ. ಕೊಟ್ಟುಬಿಟ್ಟಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ, ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ಕಪ್ಪು ಟಾರಿನಂಥ ಮಲ ಬರುತ್ತದೆ, ಮೂತ್ರಪಿಂಡ ಕೆಡುತ್ತದೆ. ಕಜ್ಜಿಗೆಂದು ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸುವವರು ಗಮನಿಸಿ: ಕೋಲಿ ಜಾತಿಯ, ಅದರ ಮಿಶ್ರಣದ ನಾಯಿಗಳ ಮಿದುಳಿಗೆ ಅದು ನೇರ ಹೊಕ್ಕುತ್ತದೆ.

ತಿನ್ನಬಾರದ್ದು ತಿಂದಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ?

ಉಪ್ಪುನೀರೇ ಎರಡನೇ ವಿಷವಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಿದುಳು ಕೆಡುತ್ತದೆ. ಹಾಲಿನಿಂದಲೂ ವಿಷ ಇಳಿಯುವುದಿಲ್ಲ. ಆಸಿಡ್, ಟಾಯ್ಲೆಟ್ ಕ್ಲೀನರ್ ಕುಡಿದಿದ್ದರೆ ವಾಂತಿಯಾಗುವಾಗ ಗಂಟಲು ಎರಡನೇ ಸಲ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತಿಂದು ಒಂದೆರಡು ಗಂಟೆಯೊಳಗಾದರೆ ವೈದ್ಯರೇ ಇಂಜೆಕ್ಷನ್‌ನಿಂದ ವಾಂತಿ ಮಾಡಿಸುತ್ತಾರೆ. ನೀವು ಮಾಡಬೇಕಾದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತು ಎಂದು ಬರೆದುಕೊಂಡು ಖಾಲಿ ಪೊಟ್ಟಣದ ಸಮೇತ ಹೊರಡುವುದು.

ಇಲಿ ಪಾಷಾಣದ ಪೊಟ್ಟಣ ಮುಖ್ಯ. ಬಿಸ್ಕತ್ತಿನಂಥ, ಬ್ರೊಮಾಡಿಯೋಲೋನ್ ಇರುವ ಪಾಷಾಣ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟದೆ ಒಳಗೊಳಗೇ ಸೋರುತ್ತದೆ. ಏನೂ ಆಗಲಿಲ್ಲ ಎಂದು ಸುಮ್ಮನಿರಬೇಡಿ, ವಿಟಮಿನ್ ಕೆ1 ವಾರಗಟ್ಟಲೆ ಕೊಡಬೇಕಾಗುತ್ತದೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಆದರೆ ಬೇರೆ ಕಥೆ. ಹೊಟ್ಟೆಯ ಆಮ್ಲ ತಾಗಿ ವಿಷಾನಿಲ ಹುಟ್ಟುತ್ತದೆ, ವಾಂತಿ ಮಾಡಿದರೆ ಆ ಗಾಳಿ ನಿಮಗೂ ಅಪಾಯ. ಊಟ ಹಾಕಬೇಡಿ, ಕಾರಿನ ಗಾಜು ಇಳಿಸಿಕೊಂಡು ಹೋಗಿ.

ಅಡುಗೆಮನೆಯ ಮಟ್ಟಿಗೆ: ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟಕ್ಕೆ ಎಂದು ಹೇಳಲು ಬಾರದು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎನ್ನುವ ಅಭಿಪ್ರಾಯ ಈಗ ಬಲವಾಗಿದೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ಉಂಡೆಯ ಡಬ್ಬಿ ಮೇಲಿನ ಕಪಾಟಿನಲ್ಲಿರಲಿ. ಮಿಲ್ಕ್ ಚಾಕೊಲೇಟಿನ ಸಣ್ಣ ತುಂಡಿಗೆ 10 ಕಿಲೋ ನಾಯಿ ಸಾಯುವುದಿಲ್ಲ, ಆದರೆ 40-50 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದಿದ್ದರೆ ಫೋನ್ ಮಾಡಿ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಅದಕ್ಕಿಂತ ಅಪಾಯ. ಬೆಕ್ಕಿನ ಮನೆಯಲ್ಲಿ ಲಿಲ್ಲಿ ಹೂವಿನ ಗುಚ್ಛ ಬೇಡ.

ಬೀದಿನಾಯಿ ನಮ್ಮ ನಾಯಿಯನ್ನು ಕಚ್ಚಿತು. ನನಗೂ ಪರಚಿದೆ.

ಇಬ್ಬರಿಗೂ ಮೊದಲ ಮದ್ದು ನಲ್ಲಿಯ ಕೆಳಗೆ: ಹರಿಯುವ ನೀರು, ಸೋಪು, ಗಡಿಯಾರ ನೋಡಿ 15 ನಿಮಿಷ. ಅರಿಶಿನ, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ, ಬ್ಯಾಂಡೇಜ್ ಕಟ್ಟಬೇಡಿ. ನಾಯಿಯನ್ನು ತೊಳೆಯುವಾಗ ಕೈಗವಸು ಇರಲಿ. ಲಸಿಕೆಯಾದ ನಾಯಿಗೂ ಬೂಸ್ಟರ್ ಬೇಕಾಗುತ್ತದೆ. ಲಸಿಕೆಯಾಗದ್ದಕ್ಕೆ 0, 3, 7, 14, 28ನೇ ದಿನಗಳ ಸರಣಿ ಹಾಕುತ್ತಾರೆ.

ನಿಮಗೆ ರಕ್ತ ಬಾರದ ಪರಚುಗಾಯವಾದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ. ಸರ್ಕಾರಿ ಆಸ್ಪತ್ರೆಗೆ ಅದೇ ದಿನ ಹೋಗಿ. ತೋಳಿನ ಸ್ನಾಯುವಿಗೆ ಹಾಕಿದರೆ 0, 3, 7, 14, 28, ಚರ್ಮದೊಳಗೆ ಹಾಕಿದರೆ 0, 3, 7, 28. ಕಚ್ಚಿದ ನಾಯಿ ಅಥವಾ ಬೆಕ್ಕು ಕಣ್ಣಿಗೆ ಸಿಗುವಂತಿದ್ದರೆ 10 ದಿನ ಗಮನಿಸಬೇಕು ನಿಜ, ಆದರೆ ಆ ಹತ್ತು ದಿನ ಮುಗಿಯಲಿ ಎಂದು ಲಸಿಕೆ ಮುಂದೂಡಬೇಡಿ.

ಒಂದು ಎಚ್ಚರಿಕೆ. ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಾ, ನುಂಗಲಾಗದೆ, ಬೊಗಳುವ ದನಿ ಬದಲಾಗಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ರೇಬೀಸ್‌ನ ಒಂದು ರೂಪ ಹೀಗೇ ಇರುತ್ತದೆ. ಅದು ಹುಚ್ಚೆದ್ದು ಓಡುವುದಿಲ್ಲ, ಸುಮ್ಮನೆ ಮೂಲೆ ಸೇರುತ್ತದೆ.

ಬೇಸಿಗೆಯಲ್ಲಿ ವಾಕ್ ಮುಗಿಸಿ ಬಂದ ಪಗ್ ಕುಸಿದುಬಿತ್ತು.

ನೆರಳಿಗೆ ತನ್ನಿ. ಹೊಟ್ಟೆ, ತೊಡೆ, ಕಂಕುಳಿಗೆ ನಲ್ಲಿ ನೀರು ಸುರಿಯುತ್ತಾ ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಐಸ್ ನೀರು ಬೇಡ. ಉಷ್ಣತೆ 103ಕ್ಕೆ ಇಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಅತಿಯಾಗಿ ಇಳಿಯುತ್ತದೆ. ಎದ್ದು ಕೂತರೂ ಆಸ್ಪತ್ರೆಗೆ ಹೋಗಿ, ಮೂತ್ರಪಿಂಡಕ್ಕೆ ಆದ ಏಟು ಮರುದಿನ ಕಾಣುತ್ತದೆ. ಪಗ್, ಬುಲ್‌ಡಾಗ್‌ನ ಚಪ್ಪಟೆ ಮೂಗಿಗೆ ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವುದು ನಮ್ಮ ಮಟ್ಟಿಗೆ ಕ್ರೌರ್ಯವೇ. ಟಾರು ರಸ್ತೆಗೆ ಅಂಗೈಯ ಹಿಂಬದಿ ಒತ್ತಿ 5 ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯದು.

ತೋಟದಲ್ಲಿ ಹಾವು ಕಚ್ಚಿರಬೇಕು, ಮುಖ ಊದಿದೆ.

ಕಟ್ಟು ಹಾಕಬೇಡಿ, ಗಾಯ ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಹೋಗಿ. ಕೊಳಕುಮಂಡಲ ಕಚ್ಚಿದರೆ ಊತ ಮತ್ತು ರಕ್ತಸ್ರಾವ, ನಾಗರ ಕಚ್ಚಿದರೆ ಕಾಲು ಸೋತು ಉಸಿರು ಕಟ್ಟುತ್ತದೆ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಮನುಷ್ಯರಿಗೆ ಬಳಸುವ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹಾವುಗಳ ವಿಷಕ್ಕೂ ಆಗುವ ಪ್ರತಿವಿಷವೇ ನಾಯಿಗೂ ಆಗುತ್ತದೆ. ಚಿಕ್ಕ ನಾಯಿಗೆ ಕಡಿಮೆ ಸಾಕು ಅನ್ನುವಂತಿಲ್ಲ, ಒಳಹೊಕ್ಕ ವಿಷ ಅಷ್ಟೇ ಇರುತ್ತದೆ. ಎಲ್ಲ ಕ್ಲಿನಿಕ್ಕಿನಲ್ಲೂ ಪ್ರತಿವಿಷದ ಸೀಸೆ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಗಾಯದಲ್ಲಿ ಹುಳು ಬಿದ್ದಿದೆ. ಫಿನೈಲ್ ಹಾಕಲಾ?

ಫಿನೈಲ್, ಪೆಟ್ರೋಲ್, ನುಸಿಗುಳಿಗೆ ಯಾವುದೂ ಬೇಡ. ಹುಳುವಿನ ಜೊತೆ ಮಾಂಸವೂ ಸುಡುತ್ತದೆ, ಬೆಕ್ಕಿಗಾದರೆ ವಿಷ. ಕಾಣುವ ರಂಧ್ರ ಬಟಾಣಿಯಷ್ಟಿದ್ದರೂ ಒಳಗೆ ಬೆರಳುದ್ದದ ಗುಹೆ ಇರುತ್ತದೆ. ಕೂದಲು ಬೋಳಿಸಿ, ಸಲೈನ್‌ನಿಂದ ತೊಳೆದು, ಒಂದೊಂದೇ ಹುಳು ತೆಗೆಯಬೇಕು, ಎಷ್ಟೋ ಸಲ ಮಂಪರು ಕೊಟ್ಟೇ. ಮಳೆಗಾಲದಲ್ಲಿ ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ಉದ್ದ ಕೂದಲಿನ ಮುದಿ ನಾಯಿಯ ಬಾಲದ ಕೆಳಗೆ, ಕಿವಿಯ ಹಿಂದೆ ದಿನಾ ನೋಡಿ.

ಬೆದೆ ಮುಗಿದು ಒಂದು ತಿಂಗಳಾಯಿತು. ಹೆಣ್ಣುನಾಯಿ ತುಂಬಾ ನೀರು ಕುಡಿಯುತ್ತಿದೆ, ಊಟ ಬೇಡ ಅನ್ನುತ್ತಿದೆ.

ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಿದರೆ ಗೊತ್ತಾಗುತ್ತದೆ. ಸೋರದೆ ಒಳಗೇ ಕಟ್ಟಿದ್ದು ಇನ್ನೂ ಕೆಟ್ಟದ್ದು. ಸ್ಕ್ಯಾನ್ ಮಾಡಿಸಿ, ಗರ್ಭಕೋಶ ತೆಗೆಸುವುದೇ ಖಚಿತ ಚಿಕಿತ್ಸೆ. ಮರಿ ಬೇಡವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲೇ ಮಾಡಿಸಿಬಿಟ್ಟರೆ ಈ ಪ್ರಶ್ನೆಯೇ ಇಲ್ಲ.

ಮರಿ ಹಾಕಿದ ಮೂರ್ನಾಲ್ಕು ವಾರದೊಳಗೆ, ಅದರಲ್ಲೂ ಸಣ್ಣ ಜಾತಿಯ ತಾಯಿ ನಡುಗುತ್ತಾ, ಕಾಲು ಸೆಟೆಸಿ, ಏದುಸಿರು ಬಿಟ್ಟರೆ ಕ್ಯಾಲ್ಸಿಯಂ ಕುಸಿದಿದೆ. ಮರಿಗಳನ್ನು ಬೇರ್ಪಡಿಸಿ ತಕ್ಷಣ ಕರೆದೊಯ್ಯಿರಿ. ವಿಚಿತ್ರವೆಂದರೆ, ಗಬ್ಬವಿರುವಾಗ ಸುಮ್ಮಸುಮ್ಮನೆ ಕ್ಯಾಲ್ಸಿಯಂ ಸಿರಪ್ ಕುಡಿಸಿದ ತಾಯಂದಿರಿಗೇ ಇದು ಹೆಚ್ಚು.

ಫಿಟ್ಸ್ ಬಂದಾಗ ಕಬ್ಬಿಣ ಹಿಡಿಸಬೇಕಾ?

ಬೇಡ. ಬಾಯಿಗೆ ಚಮಚ, ಕೈ, ನೀರು ಏನೂ ಬೇಡ. ಸುತ್ತಲಿನ ಕುರ್ಚಿ ಸರಿಸಿ, ಲೈಟು ಆರಿಸಿ, ಒಬ್ಬರು ಗಡಿಯಾರ ನೋಡಿ, ಇನ್ನೊಬ್ಬರು ವಿಡಿಯೋ ಮಾಡಿ. 5 ನಿಮಿಷ ದಾಟಿದರೆ, ಅಥವಾ 24 ಗಂಟೆಯಲ್ಲಿ ಎರಡನೇ ಸಲ ಬಂದರೆ ತುರ್ತು.

ಮೊಸರನ್ನ, ರಾಗಿಮುದ್ದೆ ತಿಂದೇ ಬೆಳೆದ ನಾಯಿಗಳಿಲ್ಲವೇ?

ಇವೆ. ಅವು ಹೊರಗೆ ತಿರುಗಾಡಿ ಬೇರೆಯದನ್ನೂ ತಿನ್ನುತ್ತಿದ್ದವು. ಮನೆಯೊಳಗಿನ ನಾಯಿಗೆ ಬರೀ ಮೊಸರನ್ನ ಹಾಕಿದರೆ ಪ್ರೋಟೀನ್ ಸಾಲದೆ ಕೂದಲು ಉದುರಿ, ಮೈಗೆ ಬೊಜ್ಜು ಬರುತ್ತದೆ. ಮುದ್ದೆ ಜೊತೆ ಮೊಟ್ಟೆ, ಮಾಂಸ ಸೇರಲಿ, ಲೆಕ್ಕವನ್ನು ವೈದ್ಯರ ಹತ್ತಿರ ಹಾಕಿಸಿ. ಬೆಂದ ಕೋಳಿ ಮೂಳೆ ಬೇಡ, ಚೂಪಾಗಿ ಸೀಳುತ್ತದೆ. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಬೆಕ್ಕನ್ನು ಹಾಲು ಅನ್ನದಲ್ಲಿ ಸಸ್ಯಾಹಾರಿಯಾಗಿ ಸಾಕಲು ಬರುವುದಿಲ್ಲ. ಮುಧೋಳ ನಾಯಿಯ ಪಕ್ಕೆಲುಬು ತುಸು ಕಾಣುವುದು ಸಹಜ, ಅದನ್ನು ಲ್ಯಾಬ್ರಡಾರ್ ಮಾಡಲು ಹೋಗಬೇಡಿ.

ಎಲ್ಲಿಗೆ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು?

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಲಸಿಕೆ, ಗಾಯ, ಸಾಮಾನ್ಯ ಜ್ವರಕ್ಕೆ ಚಿಕಿತ್ಸೆ ಸಿಗುತ್ತದೆ. ಸ್ಕ್ಯಾನ್, ರಕ್ತ ಕೊಡಿಸುವುದು, ದೊಡ್ಡ ಆಪರೇಷನ್‌ಗೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ವಿಚಾರಿಸಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ, ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆ. ನಿಮ್ಮೂರಿನಲ್ಲಿ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಎಂದು ಇವತ್ತೇ ವಿಚಾರಿಸಿ ನಂಬರನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ.

ಲಸಿಕೆ ಕಾರ್ಡು, ಕೊಟ್ಟ ಮಾತ್ರೆಗಳ ಖಾಲಿ ಪಟ್ಟಿ, ವಾಂತಿ ಅಥವಾ ಮಲದ ಫೋಟೊ, ಡಬ್ಬಿಯಲ್ಲಿ ಮೂತ್ರದ ಸ್ಯಾಂಪಲ್ ಒಯ್ಯಿರಿ. ದಿನಾ ಊಟ ಹಾಕುವವರೇ ಜೊತೆಗೆ ಹೋಗಲಿ, ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವರಿಗೆ. ನೋವಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ, ಬಾಯಿಗೆ ಬಟ್ಟೆಪಟ್ಟಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ತೊಂದರೆಯಿದ್ದರೆ ಮಾತ್ರ ಕಟ್ಟಬೇಡಿ. ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗಬೇಡಿ, ಆಸ್ಪತ್ರೆಯ ಬಾಗಿಲಲ್ಲಿ ನಾಯಿ ಬೊಗಳಿದರೆ ತಪ್ಪಿಸಿಕೊಂಡು ಓಡುತ್ತದೆ. ಬುಟ್ಟಿಯೊಳಗೆ ಅದು ಮಲಗುವ ಹಳೇ ಟವೆಲ್ ಹಾಸಿ, ಮೇಲೊಂದು ಬಟ್ಟೆ ಮುಚ್ಚಿ ಒಯ್ಯಿರಿ.